ಹುಣಸೂರಿನ ಮಣ್ಣಿಗೆ ಯಾವ ಭಾಷೆ?

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಮೊನ್ನೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ, "ಅಣ್ಣಾ, ಆ ಕೆಂಪು ಮಚ್ಚೆ ಕಥೆ ಬರಿ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ" ಅಂದ. ನನ್ನ ಮಾನ ಹೋಗುವ ಕಥೆ ಅದು. ಆದ್ರೂ ಬರೀತಿದ್ದೀನಿ. ಇದರಲ್ಲಿ ಕಂಪ್ಯೂಟರ್ ವಿಷಯ ಇದೆ, ಮಣ್ಣಿನ ವಿಷಯವೂ ಇದೆ. ಒಂದು ಬೇಜಾರಾದರೆ ಇನ್ನೊಂದನ್ನು ಓದಿಕೊಳ್ಳಿ :)

ಮೊದಲು ನಮ್ಮ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂದ್ರೆ ಹೊಗೆಸೊಪ್ಪು. ಬಸ್ಸಲ್ಲಿ ಮಡಿಕೇರಿ ಕಡೆ ಹೋಗುವಾಗ ಹೊಲದ ಮಧ್ಯೆ ಎತ್ತರದ, ಕಿಟಕಿ ಇಲ್ಲದ ಮನೆಗಳ ಥರ ಕಾಣುತ್ತವಲ್ಲ, ಅವು ಬ್ಯಾರನ್ನು. ಸೊಪ್ಪು ಬೇಯಿಸೋದು ಅಲ್ಲಿ. ಬೇಯಿಸಿದ ಸೊಪ್ಪು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೋಗುತ್ತೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾಗಿದ್ದು 1984ರಲ್ಲಿ. ಹೊಗೆಸೊಪ್ಪು ಬೆಳೆಯೋದು ಸರಿಯೋ ತಪ್ಪೋ ಅನ್ನೋ ಜಗಳ ನಮ್ಮ ಮನೆಯಲ್ಲೂ ಇದೆ. ಅದನ್ನು ಇನ್ನೊಂದು ದಿನ ಆಡೋಣ. ಈಗೀಗ ಶುಂಠಿ, ಜೋಳ ಅಂತ ಬೇರೆ ಬೆಳೆಗಳೂ ಹೆಚ್ಚಾಗಿವೆ.

ಸೊಪ್ಪಿನ ಎಲೆ ಚೆನ್ನಾಗಿ ಉರಿಯಬೇಕಾದರೆ ಪೊಟ್ಯಾಷ್ ಬೇಕೇ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮ್ಯೂರಿಯೇಟ್ ಪೊಟ್ಯಾಷನ್ನು ಹಾಕುವ ಹಾಗಿಲ್ಲ. ಅದರಲ್ಲಿರೋ ಕ್ಲೋರೈಡ್ ಎಲೆಗೆ ಸೇರಿದರೆ ಸೊಪ್ಪು ಸರಿಯಾಗಿ ಉರಿಯೋದೇ ಇಲ್ಲ, ಹರಾಜಿನಲ್ಲಿ ಕೇಳೋರೂ ಇರಲ್ಲ. ಹಾಗಾಗಿ ಸಲ್ಫೇಟ್ ರೂಪದ್ದೇ ಹಾಕಬೇಕು. ಅದು ದುಬಾರಿ. ನಮ್ಮದು ಮರಳು ಮಿಶ್ರಿತ ಕೆಂಪು ಮಣ್ಣು ಬೇರೆ, ಜೋರು ಮಳೆ ಬಂದರೆ ಹಾಕಿದ ಪೊಟ್ಯಾಷಿನಲ್ಲಿ ಒಂದಷ್ಟು ತೊಳೆದುಕೊಂಡು ಕೆಳಗೆ ಇಳಿದುಹೋಗುತ್ತೆ. ಎಷ್ಟು ಹಾಕಬೇಕು ಅನ್ನೋದು ನಮ್ಮ ಕಡೆ ದುಡ್ಡಿನ ಪ್ರಶ್ನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2015ರಲ್ಲಿ ಕೇಂದ್ರ ಸರ್ಕಾರದ ಮಣ್ಣಿನ ಆರೋಗ್ಯ ಕಾರ್ಡ್ ಯೋಜನೆ ಬಂತು. ಮಳೆಯಾಶ್ರಿತ ಜಮೀನಾದರೆ 10 ಹೆಕ್ಟೇರಿಗೆ ಒಂದು ಮಾದರಿ, ನೀರಾವರಿಯಾದರೆ 2.5 ಹೆಕ್ಟೇರಿಗೆ ಒಂದು. ಕಾರ್ಡಿನಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಹೀಗೆ 12 ಅಂಶಗಳು. ನನ್ನ ತಮ್ಮ (ಅದೇ ಚಿಕ್ಕಪ್ಪನ ಮಗ) ಕಾಲೇಜಲ್ಲಿ ಪಾಠ ಮಾಡ್ತಾನೆ, ಮನೆ ಜಮೀನನ್ನೂ ನೋಡ್ಕೋತಾನೆ. ಅವನಿಗೆ ಒಂದು ಹುಚ್ಚು ಹತ್ತಿತು. ಗುರುತಿರೋ ರೈತರ ಕಾರ್ಡುಗಳನ್ನೂ, ಖಾಸಗಿಯಾಗಿ ಮಾಡಿಸಿದ ಪರೀಕ್ಷೆಗಳ ಪಟ್ಟಿಗಳನ್ನೂ ಸೇರಿಸಿ, ಹತ್ತಿರಹತ್ತಿರ 600 ಜಾಗದ ಅಂಕಿಗಳನ್ನು ಎಕ್ಸೆಲ್ ಹಾಳೆಗೆ ತುಂಬಿದ. ಕೆಲವು ಪಟ್ಟಿಗಳಲ್ಲಿ ಊರ ಹೆಸರು ಹಳೇ ನುಡಿ ಅಕ್ಷರದಲ್ಲಿತ್ತು. ಫಾಂಟ್ ಇಲ್ಲದಿದ್ದರೆ ಅವು ಹೇಗೆ ಕಾಣುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಯೂನಿಕೋಡಿಗೆ ಬರೋ ಮೊದಲು ನಾವೆಲ್ಲ ಆ ಇರುವೆ ಸಾಲು ನೋಡಿದವರೇ.

ತಮ್ಮ ಮೊದಲು ಮಾಡಿದ್ದು ತಾಲ್ಲೂಕುವಾರು ಸರಾಸರಿ. ನಾಲ್ಕು ತಾಲ್ಲೂಕಿಗೆ ನಾಲ್ಕು ಬಣ್ಣ. ಇದರ ಗೋಳು ನೋಡಿ, ಎಚ್.ಡಿ. ಕೋಟೆಯಿಂದ ಸರಗೂರು ಬೇರೆ ತಾಲ್ಲೂಕಾಯ್ತು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಯ್ತು. ಸರಾಸರಿ ಬದಲಾಯ್ತು, ನಕ್ಷೆಯ ಬಣ್ಣ ಬದಲಾಯ್ತು. ಹೊಲದ ಮಣ್ಣಿಗೆ ಏನೂ ಆಗಿರಲಿಲ್ಲ, ವಿಧಾನಸೌಧದಲ್ಲಿ ಒಂದು ಗೆರೆ ಎಳೆದಿದ್ದರು ಅಷ್ಟೆ. "ಗೆರೆ ಇಲ್ಲದೆ ನಕ್ಷೆ ಮಾಡೋಕೆ ಆಗಲ್ವಾ ಅಣ್ಣ?" ಅಂತ ಕೇಳಿದ. ಆಗುತ್ತೆ. ಅದರ ಹೆಸರು ಕ್ರಿಗಿಂಗ್.

ಡ್ಯಾನಿ ಕ್ರಿಗ್ ಅಂತ ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಒಬ್ಬರಿದ್ದರು. ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಕೆಲವೇ ಕಡೆ ತೆಗೆದ ಮಾದರಿಯಿಂದ ಉಳಿದ ಜಾಗದಲ್ಲಿ ಎಷ್ಟು ಚಿನ್ನ ಇರಬಹುದು ಅಂತ ಅಂದಾಜು ಮಾಡುವ ಬಗ್ಗೆ 1951ರಲ್ಲಿ ಪ್ರಬಂಧ ಬರೆದರು. ಫ್ರಾನ್ಸಿನ ಜಾರ್ಜ್ ಮಾಥೆರಾನ್ 1960ರ ದಶಕದಲ್ಲಿ ಅದಕ್ಕೆ ಗಣಿತದ ಅಡಿಪಾಯ ಹಾಕಿ, ಕ್ರಿಗ್ ಹೆಸರನ್ನೇ ಇಟ್ಟರು. ಒಳಗಿರೋ ಉಪಾಯ ನಮ್ಮೂರ ಅಜ್ಜಂದಿರಿಗೆ ಗೊತ್ತಿದ್ದದ್ದೇ: ಪಕ್ಕದ ಹೊಲ ನಮ್ಮ ಹೊಲದ ಥರ ಇರುತ್ತೆ, ದೂರ ಹೋದಷ್ಟೂ ಹೋಲಿಕೆ ಕಮ್ಮಿ. ಎಷ್ಟು ದೂರಕ್ಕೆ ಎಷ್ಟು ಕಮ್ಮಿ ಅನ್ನೋದನ್ನು ಅಂಕಿಗಳಿಂದಲೇ ಕಂಡುಕೊಳ್ಳಬೇಕು. ಎಲ್ಲ ಜಾಗಗಳನ್ನೂ ಎರಡೆರಡಾಗಿ ಜೋಡಿ ಮಾಡಿ, ದೂರದ ಪ್ರಕಾರ ಗುಂಪು ಮಾಡಿ, ವ್ಯತ್ಯಾಸದ ವರ್ಗದ ಸರಾಸರಿಯ ಅರ್ಧ ತೆಗೆದು ಗೆರೆ ಹಾಕಿದರೆ ಅದೇ ವೇರಿಯೋಗ್ರಾಮ್. ಆ ಗೆರೆ ಸೊನ್ನೆಯಿಂದ ಶುರುವಾಗದೆ ಸ್ವಲ್ಪ ಮೇಲಿಂದಲೇ ಹೊರಟರೆ ಆ ಎತ್ತರಕ್ಕೆ ನಗೆಟ್ ಅಂತಾರೆ, ಚಿನ್ನದ ಗಟ್ಟಿಯ ನೆನಪಿಗೆ. ನಮ್ಮಲ್ಲಿ ಚಿನ್ನ ಇಲ್ಲ ಬಿಡಿ. ಆದ್ರೆ ಸರಗೂರಿನ ಹೆಸರು ಭೂವಿಜ್ಞಾನಿಗಳಿಗೆಲ್ಲ ಗೊತ್ತು, ಅಲ್ಲಿನ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು.

ಈಗ ನನ್ನ ಪ್ರತಾಪಕ್ಕೆ ಬರೋಣ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದವನು, ಹೊಟ್ಟೆಪಾಡಿಗೆ ಬರೆಯೋದು ಸಿ ಪ್ಲಸ್ ಪ್ಲಸ್. ಕ್ರಿಗಿಂಗ್ ಅಂದ ತಕ್ಷಣ ಮೈ ನವಿರೆದ್ದಿತು. "ರೆಡಿ ಇರೋದು ಬೇಡ, ನಾನೇ ಬರೀತೀನಿ, ಓಪನ್ ಸೋರ್ಸ್ ಮಾಡ್ತೀನಿ, ಯಾರು ಬೇಕಾದ್ರೂ ಬಳಸಲಿ" ಅಂತ ಜಂಬದಿಂದ ಹೇಳಿದೆ. ಸಿ ಪ್ಲಸ್ ಪ್ಲಸ್ ಯಾಕೆ ಅಂದ್ರೆ ಸ್ಪೀಡು. ಕ್ರಿಗಿಂಗಿನಲ್ಲಿ ಸಮೀಕರಣಗಳ ದೊಡ್ಡ ಕಟ್ಟನ್ನೇ ಬಿಡಿಸಬೇಕು, ಜಾಗಗಳು ಎರಡರಷ್ಟಾದರೆ ಕೆಲಸ ಎಂಟರಷ್ಟಾಗುತ್ತೆ. ಸ್ಪೀಡ್ ಬೇಡವೇ?

ಬೇಡ. ಅದು ಆಮೇಲೆ ಗೊತ್ತಾಯ್ತು. 600 ಜಾಗಕ್ಕೆ ಒಟ್ಟು ಜೋಡಿಗಳು 1,79,700. ಇವತ್ತಿನ ಯಾವ ಲ್ಯಾಪ್‌ಟಾಪಿಗೂ ಇದು ಒಂದು ಲೆಕ್ಕವೇ ಅಲ್ಲ. 60 ಸಾವಿರ ಜಾಗ ಇದ್ದಿದ್ದರೆ ಕಥೆ ಬೇರೆ. ಆಗಲೂ ಎಲ್ಲ ಜಾಗಗಳನ್ನೂ ಒಟ್ಟಿಗೆ ತೊಗೊಳ್ಳದೆ ಹತ್ತಿರದ 40-50 ಜಾಗ ಮಾತ್ರ ತೊಗೊಂಡು ಲೆಕ್ಕ ಮಾಡೋದು ವಾಡಿಕೆ. ಇನ್ನೊಂದು ತಮಾಷೆ. ಆರ್, ಪೈಥಾನ್ ಇವೆಲ್ಲ ನಿಧಾನ ಅಂತ ಹೀಗಳೆಯುತ್ತೀವಲ್ಲ, ಅವು ಸಮೀಕರಣ ಬಿಡಿಸುವ ಹೊತ್ತಿಗೆ ಒಳಗೊಳಗೇ ಹಳೆಯ ಫೋರ್‌ಟ್ರಾನ್ ಲೈಬ್ರರಿಗಳಿಗೇ ಕೆಲಸ ಒಪ್ಪಿಸುತ್ತವೆ.

2017ರಲ್ಲಿ ಬರೆದು ಮುಗಿಸಿದೆ. ಎರಡು ಸಾವಿರಕ್ಕೂ ಹೆಚ್ಚು ಸಾಲು. ಜಿಪಿಎಲ್ ಲೈಸೆನ್ಸ್ ಹಾಕಿ ಎಲ್ಲರಿಗೂ ಸಿಗುವ ಹಾಗೆ ಇಟ್ಟೆ. ನಕ್ಷೆ ಬಂತು, ಚೆಂದವಾಗಿತ್ತು. ಕೆ.ಆರ್. ನಗರದ ನಾಲೆ ಬಯಲು ಒಂದು ಬಣ್ಣ, ಪಿರಿಯಾಪಟ್ಟಣದ ಕೊಡಗಿನಂಚು ಇನ್ನೊಂದು. ಹುಣಸೂರಿನ ಪಶ್ಚಿಮಕ್ಕೆ ಮಾತ್ರ ಒಂದು ಕಡುಗೆಂಪು ಮಚ್ಚೆ, ಮೂರು ಕಿಲೋಮೀಟರ್ ಅಗಲದ್ದು. ಅಲ್ಲಿ ಪೊಟ್ಯಾಷ್ ತೀರಾ ಕಮ್ಮಿ ಅಂತ ಅರ್ಥ.

ಆ ಮಚ್ಚೆಯ ನಡುವೆ ಇದ್ದದ್ದು ನಮ್ಮ ಸೋದರತ್ತೆಯ ಊರು. ಮಾವ ನಕ್ಷೆ ನೋಡಿದರು. "ನಿನ್ನ ಭೂಪಟದಲ್ಲಿ ನಮ್ಮೂರು ಕೆಂಪಗದೆ ಕಣಪ್ಪ, ಮಣ್ಣು ಸತ್ತೋಗದಾ?" ಅಂತ ಕೇಳಿದರು. ನಾನು ದೊಡ್ಡ ವಿಜ್ಞಾನಿ ಥರ, "ಪೊಟ್ಯಾಷ್ ಕಮ್ಮಿ ಇದೆ ಮಾವ, ಈ ಸಲ ಸ್ವಲ್ಪ ಜಾಸ್ತಿ ಹಾಕಿ" ಅಂದೆ. ಸಾಲ ಮಾಡಿ ನಾಲ್ಕು ಮೂಟೆ ಹೆಚ್ಚಿಗೆ ತಂದು ಹಾಕಿದರು. ಮುಂದಿನ ವರ್ಷವೂ ಹಾಕಿದರು. ಸೊಪ್ಪಿನಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಮಳೆ ಹಿಂಗಾಯ್ತು, ದರ ಹಂಗಾಯ್ತು ಅಂತ ಸುಮ್ಮನಾದೆವು.

ತಮ್ಮನಿಗೆ ಅನುಮಾನ ಇತ್ತು. "ಆ ಊರಿನ ಪಕ್ಕದಲ್ಲೇ ಚೆನ್ನಾಗಿದೆ, ಇದೊಂದು ಹೆಂಗೆ ಹಿಂಗೆ?" ಅಂತ ನನ್ನ ಕೋಡ್ ಬಿಚ್ಚಿ ನೋಡಿದನಂತೆ. ಒಂದಕ್ಷರ ಅರ್ಥವಾಗಲಿಲ್ಲ. ಹೋಗಲಿ ಅಂತ ತನ್ನ ವಿಂಡೋಸ್ ಕಂಪ್ಯೂಟರಲ್ಲಿ ಕಂಪೈಲ್ ಮಾಡೋಕೆ ಹೋದ, ಆಗಲಿಲ್ಲ. ಯಾವುದೋ ಲೈಬ್ರರಿ ಇಲ್ಲ ಅಂತ ಬಂತು, ಅದನ್ನು ಹಾಕಿದರೆ ಇನ್ನೊಂದು ಇಲ್ಲ ಅಂತ. ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಬಿಟ್ಟು ಭೂಮಿ ಮೇಲೆ ಇನ್ನೆಲ್ಲೂ ಅದು ಓಡುತ್ತಿರಲಿಲ್ಲ. ಓಪನ್ ಸೋರ್ಸ್ ಅಂತ ಬೋರ್ಡು ಹಾಕಿದ್ದೆ, ಐದು ವರ್ಷದಲ್ಲಿ ನನ್ನ ಹೊರತು ಯಾರೂ ಒಂದು ಸಾಲನ್ನೂ ತಿದ್ದಿರಲಿಲ್ಲ. "ಯಾರಿಗೂ ಆಸಕ್ತಿ ಇಲ್ಲ" ಅಂತ ನಾನು ಜನರನ್ನೇ ಬೈಕೊಂಡಿದ್ದೆ ಬೇರೆ.

2022ರಲ್ಲಿ ಮೈಸೂರಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದ, ಪಿರಿಯಾಪಟ್ಟಣ ಕಡೆಯ ಒಬ್ಬ ಹುಡುಗಿ ತಮ್ಮನ ಹತ್ತಿರ ಬಂದು ಪ್ರಾಜೆಕ್ಟಿಗೆ ಈ ಅಂಕಿಗಳನ್ನು ಕೇಳಿದಳು. ಅವಳಿಗೆ ಕಾಲೇಜಲ್ಲಿ ಕಲಿಸಿದ್ದು ಆರ್. ಎರಡು ದಿನ ಬಿಟ್ಟು ನನಗೆ ಫೋನ್ ಮಾಡಿದಳು. "ಸರ್, ನಾನು ಪೊಟ್ಯಾಷ್ ಸರಾಸರಿ ಹಾಕಿದ್ರೆ ಎನ್‌ಎ ಅಂತ ಬರ್ತಿದೆ. ನಿಮ್ಮ ಪ್ರೋಗ್ರಾಮಲ್ಲಿ ಮಾತ್ರ ನಂಬರ್ ಬಂದಿದೆ. ಅದು ಹೆಂಗೆ ಬಂತು ಸರ್?"

ಹೆಂಗೆ ಬಂತು ಅಂದ್ರೆ, ಹಾಳೆಯಲ್ಲಿ ಆ ಊರಿನ ನಾಲ್ಕು ಮಾದರಿಗಳ ಮುಂದೆ ಪೊಟ್ಯಾಷ್ ಕಾಲಂ ಖಾಲಿ ಇತ್ತು. ಪರೀಕ್ಷೆ ಆಗಿರಲಿಲ್ಲ, ಅಷ್ಟೆ. ನಾನು ಬಳಸಿದ ಸಿ ಕಾಲದ ಹಳೇ ಫಂಕ್ಷನ್ನಿಗೆ ಖಾಲಿ ಅಕ್ಷರಸಾಲು ಕೊಟ್ಟರೆ ಅದು ಮರುಮಾತಿಲ್ಲದೆ ಸೊನ್ನೆ ಅಂತ ವಾಪಸ್ ಕೊಡುತ್ತೆ. ನಾಲ್ಕು ಸೊನ್ನೆ! ಪೊಟ್ಯಾಷ್ ಸೊನ್ನೆ ಇರೋ ಹೊಲ ಎಲ್ಲೂ ಇಲ್ಲ, ಮಣ್ಣು ಪರೀಕ್ಷೆ ಮಾಡುವ ಯಾರನ್ನು ಕೇಳಿದರೂ ನಕ್ಕುಬಿಡ್ತಾರೆ. ಪರೀಕ್ಷೆ ಆಗದ ಹೊಲವನ್ನು ನಾನು ಸತ್ತ ಹೊಲ ಮಾಡಿದ್ದೆ. ಅಷ್ಟೇ ಅಲ್ಲ, ಆ ಸೊನ್ನೆಗಳಿಂದ ವೇರಿಯೋಗ್ರಾಮೇ ಕೆಟ್ಟು, ಹತ್ತಿರದ ಜಾಗಗಳೂ ಒಂದಕ್ಕೊಂದು ಹೋಲೋದಿಲ್ಲ ಅಂತ ತೋರಿಸುತ್ತಿತ್ತು. ಹಾಗಾಗಿ ಇಡೀ ನಕ್ಷೆ ಬೇಕಾದ್ದಕ್ಕಿಂತ ಮಸುಕಾಗಿತ್ತು. ನಾನು ಅದನ್ನೇ "ನೈಸಾಗಿ ಬಂದಿದೆ" ಅಂತ ಮೆಚ್ಚಿಕೊಂಡಿದ್ದೆ. ಒಂದೊಂದೇ ಜಾಗವನ್ನು ಬಿಟ್ಟು, ಉಳಿದವುಗಳಿಂದ ಅದನ್ನು ಅಂದಾಜು ಮಾಡಿ ತಾಳೆ ನೋಡುವ ಪರೀಕ್ಷೆ ಇದೆ. ಅದನ್ನು ಮಾಡಿದ್ದರೆ ಆ ನಾಲ್ಕೂ ಮೊದಲ ದಿನವೇ ಎದ್ದು ಕಾಣುತ್ತಿದ್ದವು. ಅದನ್ನು "ಮುಂದಿನ ವರ್ಶನ್‌ಗೆ" ಅಂತ ಬಿಟ್ಟಿದ್ದೆ.

ಮಾವನಿಗೆ ಹೇಳೋಕೆ ಹೋದೆ. ಬೈತಾರೆ ಅಂದುಕೊಂಡಿದ್ದೆ. "ಬಿಡಪ್ಪ, ಮಣ್ಣಿಗೆ ತಾನೆ ಹಾಕಿದ್ದು" ಅಂದರು. ಅತ್ತೆ ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಶುರುವಾಯ್ತು, ಹೊಸದಾಗಿ ಬರೆಯೋದಾದರೆ ಯಾವ ಭಾಷೆಯಲ್ಲಿ ಅನ್ನೋ ಪ್ರಶ್ನೆ. ನಾನು, ತಮ್ಮ, ಆ ಹುಡುಗಿ ಮೂವರೂ ಕೂತು ಮಾತಾಡಿದೆವು. ಈ ಸಲ ನನಗೆ ಒಂದೇ ಓಟು ಅಂತ ಮೊದಲೇ ಹೇಳಿಬಿಟ್ಟರು.

ಫೋರ್‌ಟ್ರಾನ್ ಈ ವಿದ್ಯೆಯ ತವರುಮನೆ. ಸ್ಟ್ಯಾನ್‌ಫರ್ಡಿನ ಡಾಯ್ಚ್ ಮತ್ತು ಜುರ್ನೆಲ್ ಅವರ ಜಿಎಸ್‌ಲಿಬ್ 1992ರಲ್ಲಿ ಪುಸ್ತಕದ ಜೊತೆ ಬಂತು, ಈಗಲೂ ಜನ ಅದನ್ನು ಉಲ್ಲೇಖಿಸ್ತಾರೆ. ಅದರಲ್ಲಿ ಇಂತಿಷ್ಟರಿಂದ ಇಂತಿಷ್ಟರೊಳಗಿನ ಅಂಕಿ ಮಾತ್ರ ಲೆಕ್ಕಕ್ಕೆ, ಹೊರಗಿನದ್ದು ಬಿಡು ಅಂತ ಹೇಳುವ ಅನುಕೂಲ ಇದೆ. ಇಲ್ಲದ್ದಕ್ಕೆ ಮೈನಸ್ 999 ಅಂತ ಬರೆಯೋದು ಆ ಕಾಲದ ರೂಢಿ. ಬರೆಯೋಕೆ ಮರೆತರೆ ಮತ್ತೆ ನಮ್ಮ ಸೊನ್ನೆಯ ಕಥೆಯೇ. ಅಲ್ಲದೆ ಹುಣಸೂರು ಸುತ್ತಮುತ್ತ ಫೋರ್‌ಟ್ರಾನ್ ಬಲ್ಲವರನ್ನು ಎಲ್ಲಿ ಹುಡುಕೋದು?

ಜೂಲಿಯಾ ಮೇಲೆ ನನ್ನ ಕಣ್ಣಿತ್ತು, ಸುಳ್ಳು ಹೇಳಲ್ಲ. 2012ರಲ್ಲಿ ಹೊರಬಂದ ಭಾಷೆ, ಬರೆಯೋಕೆ ಸುಲಭ, ಓಟ ಸಿ ಥರ. ಜಿಯೋಸ್ಟ್ಯಾಟ್ಸ್ ಅನ್ನೋ ಅಚ್ಚುಕಟ್ಟಾದ ಪ್ಯಾಕೇಜ್ ಕೂಡ ಇದೆ. "ನಿಮ್ಮ ಬಿಟ್ಟು ಇಲ್ಲಿ ಯಾರಿಗೆ ಗೊತ್ತು ಸರ್?" ಅಂದಳು ಹುಡುಗಿ. ಅಲ್ಲಿಗೆ ಮುಗೀತು.

ನಿಜವಾದ ಜಗಳ ಪೈಥಾನಿಗೂ ಆರ್‌ಗೂ. ತಮ್ಮ ಪೈಥಾನ್ ಕಡೆ. ಮಕ್ಕಳು ಶಾಲೆಯಲ್ಲೇ ಕಲಿಯುತ್ತಾರೆ, ಎಂಜಿನಿಯರಿಂಗ್ ಓದಿದವರಿಗೆಲ್ಲ ಬರುತ್ತೆ, ಪೈಕ್ರಿಜ್, ಜಿಎಸ್‌ಟೂಲ್ಸ್ ಥರದ ಪ್ಯಾಕೇಜುಗಳಿವೆ. ಮುಂದೆ ಬಂದು ನೋಡಿಕೊಳ್ಳುವವರು ಸಿಗೋದು ಪೈಥಾನಿಗೇ ಜಾಸ್ತಿ ಅನ್ನೋದು ಅವನ ವಾದ. ಗಟ್ಟಿ ವಾದ, ಈಗಲೂ ನನಗೆ ಪೂರ್ತಿ ಉತ್ತರ ಗೊತ್ತಿಲ್ಲ. ಆರ್ ಪರವಾಗಿ ಇದ್ದದ್ದು ಮೂರು ವಿಷಯ.

ಒಂದು, ಜಿಸ್ಟ್ಯಾಟ್. ಎಡ್ಜರ್ ಪೆಬೆಸ್ಮಾ ಅವರು ಮೊದಲು ಸಿ ಭಾಷೆಯಲ್ಲಿ ಪ್ರತ್ಯೇಕ ಪ್ರೋಗ್ರಾಮಾಗಿ ಬರೆದಿದ್ದರು. ಆಮೇಲೆ ಅದನ್ನು ಎಸ್ ಭಾಷೆಯ ಕುಟುಂಬಕ್ಕೆ ತಂದು ಆರ್ ಪ್ಯಾಕೇಜ್ ಮಾಡಿದರು, 2004ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಬರೆದರು. ಒಳಗೆ ಸಿ ಹಾಗೇ ಇದೆ, ಹೊರಗೆ ಮಾತಾಡೋದು ಆರ್. ನಾನು ಎರಡು ಸಾವಿರ ಸಾಲಿನಲ್ಲಿ ತಪ್ಪಾಗಿ ಮಾಡಿದ್ದನ್ನು ಆ ಹುಡುಗಿ ಅದರ ಮೇಲೆ 40 ಸಾಲಿನಲ್ಲಿ ಸರಿಯಾಗಿ ಮಾಡಿದ್ದಳು.

ಎರಡು, ಅದೇ ಎನ್‌ಎ. ಆರ್ ಅನ್ನು 1990ರ ದಶಕದಲ್ಲಿ ಆಕ್ಲೆಂಡಿನಲ್ಲಿ ಕಟ್ಟಿದವರು ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, ಇಬ್ಬರೂ ಸ್ಟ್ಯಾಟಿಸ್ಟಿಕ್ಸಿನವರು. ಅಂಕಿ ಸಿಗದೇ ಇರೋದು ಅವರಿಗೆ ದಿನನಿತ್ಯದ ಪಾಡು. ಹಾಗಾಗಿ "ಗೊತ್ತಿಲ್ಲ" ಅನ್ನೋದಕ್ಕೆ ಭಾಷೆಯ ಒಳಗೇ ಒಂದು ಬೆಲೆ ಇದೆ. ಖಾಲಿ ಮನೆ ಓದಿದರೆ ಎನ್‌ಎ. ಸರಾಸರಿ ಕೇಳಿದರೆ, ಅದರಲ್ಲಿ ಒಂದು ಗೊತ್ತಿಲ್ಲದ್ದು ಸೇರಿದ್ದರೂ ಉತ್ತರ ಎನ್‌ಎ. ಬಿಟ್ಟು ಲೆಕ್ಕ ಹಾಕು ಅಂತ ನಾವೇ ಬಾಯಿಬಿಟ್ಟು ಹೇಳಬೇಕು. ಪೈಥಾನಿನ ಪಾಂಡಾಸ್ ಕೂಡ ಖಾಲಿಯನ್ನು ಖಾಲಿ ಅಂತಲೇ ಓದುತ್ತೆ, ಸೊನ್ನೆ ಮಾಡಲ್ಲ. ಆದರೆ ಸರಾಸರಿ ಕೇಳಿದರೆ ಸದ್ದಿಲ್ಲದೆ ಅದನ್ನು ಬಿಟ್ಟು ಉತ್ತರ ಕೊಡುತ್ತೆ. ಅನುಕೂಲವೇ. ಆದರೆ ಹಾಗೆ ಸದ್ದಿಲ್ಲದೆ ನಂಬರ್ ಬಂದಿದ್ದರೆ ಆ ಹುಡುಗಿ ನನಗೆ ಫೋನ್ ಮಾಡುತ್ತಿರಲಿಲ್ಲ, ಮಾವ ಇನ್ನೂ ಮೂಟೆ ತರುತ್ತಿದ್ದರೋ ಏನೋ.

ಮೂರನೆಯದು ನಿಮಗೆ ಇಷ್ಟ ಆಗುತ್ತೆ, ಕನ್ನಡದ್ದು. ನಕ್ಷೆ ಮೇಲೆ ಊರ ಹೆಸರು ಕನ್ನಡದಲ್ಲೇ ಇರಬೇಕು ಅಂತ ತಮ್ಮನ ಹಟ. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆದು ನೋಡಿದೆವು. ಹುಣಸೂರು ಓದೋ ಹಾಗೆ ಬಂತು. ಪಿರಿಯಾಪಟ್ಟಣ ಬರಲಿಲ್ಲ. ಒತ್ತಕ್ಷರ ಒಡೆದು 'ಪಟ್', ಪಕ್ಕಕ್ಕೆ 'ಟಣ' ಅಂತ ಬಿದ್ದಿತ್ತು. ಪಿರಿಯಾಪಟ್ಟಣದ ಹುಡುಗಿಗೆ ಹೇಗಾಗಿರಬೇಡ! ಆರ್ ಏನೂ ಮೊದಲಿಂದ ಸಾಚಾ ಅಲ್ಲ. ವಿಂಡೋಸಿನಲ್ಲಿ ಅದಕ್ಕೆ ಕನ್ನಡ ಕೊಟ್ಟರೆ ಬಹಳ ವರ್ಷ 'ಕ' ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆಯನ್ನೇ ಕಕ್ಕುತ್ತಿತ್ತು. 2022ರ 4.2 ಆವೃತ್ತಿಯಿಂದ ಈಚಿನ ವಿಂಡೋಸಿನಲ್ಲಿ ಯುಟಿಎಫ್-8 ಅನ್ನೇ ಬಳಸೋಕೆ ಶುರು ಮಾಡಿದ ಮೇಲೆ ಸರಿಹೋಯ್ತು. ನಕ್ಷೆಯಲ್ಲಿ ಒತ್ತಕ್ಷರ ಕೂರಿಸೋಕೆ ರ್ಯಾಗ್ ಅನ್ನೋ ಪ್ಯಾಕೇಜ್ ಸಿಕ್ತು. ನಾಲ್ಕೂ ತಾಲ್ಲೂಕಿನ ಹೆಸರು ಸರಿಯಾಗಿ ಮೂಡಿದ ದಿನ ತಮ್ಮ ಅದರ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ. ಕ್ರಿಗಿಂಗ್ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಮೂವರ ಓಟಿನಲ್ಲಿ ಆರ್‌ಗೆ ಎರಡು. ತಮ್ಮ ಇನ್ನೂ ಗೊಣಗುತ್ತಾನೆ.

ಹೊಸದರ ಕೋಡ್ ನೋಡಿದರೆ ನನ್ನ ಆಫೀಸಿನವರು ನಗಬಹುದು. ಒಟ್ಟು 300 ಸಾಲು ಇಲ್ಲ. ವಿವರಣೆಗಳೆಲ್ಲ ಕನ್ನಡದಲ್ಲಿವೆ. ಅಕ್ಷಾಂಶ-ರೇಖಾಂಶವನ್ನು ಮೊದಲು ಮೀಟರಿಗೆ ಬದಲಿಸಿಕೊಳ್ಳುತ್ತೆ. ಹಳೆಯದರಲ್ಲಿ ಅದನ್ನೂ ಮಾಡಿರಲಿಲ್ಲ, ಡಿಗ್ರಿಯನ್ನೇ ದೂರ ಅಂತ ಹಿಡಿದಿದ್ದೆ. ನಮ್ಮ 12 ಡಿಗ್ರಿ ಆಸುಪಾಸಿನಲ್ಲಿ ಎರಡು ದಿಕ್ಕಿನ ಡಿಗ್ರಿಗಳಿಗೂ ಹೆಚ್ಚು ವ್ಯತ್ಯಾಸ ಇಲ್ಲ, 100ಕ್ಕೆ ಎರಡು ಪಾಲು ಅಷ್ಟೆ. ಹಾಗಾಗಿ ಬಚಾವಾದೆ. ನಾರ್ವೆಯವನಾಗಿದ್ದರೆ ಅಲ್ಲೂ ಸಿಕ್ಕಿಬೀಳುತ್ತಿದ್ದೆ. ಖಾಲಿ ಅಂಕಿ ಕಂಡರೆ ಕೆಲಸ ನಿಲ್ಲಿಸಿ, ಯಾವ ಸಾಲು ಅಂತ ಹೇಳುತ್ತೆ. ಒಂದೊಂದನ್ನೇ ಬಿಟ್ಟು ತಾಳೆ ನೋಡದೆ ನಕ್ಷೆಯನ್ನೇ ಕೊಡಲ್ಲ. ಇನ್ನೊಂದು ಮುಖ್ಯ ಸಂಗತಿ, ಕ್ರಿಗಿಂಗ್ ಪ್ರತಿ ಜಾಗದ ಅಂದಾಜಿನ ಜೊತೆ ಆ ಅಂದಾಜು ಎಷ್ಟು ಅಲುಗಾಡಬಹುದು ಅನ್ನೋದನ್ನೂ ಕೊಡುತ್ತೆ. ಹಳೆಯದರಲ್ಲಿ ಅದನ್ನು ಲೆಕ್ಕ ಮಾಡಿ ಬಿಸಾಕುತ್ತಿದ್ದೆ. ಈಗ ಅಲುಗಾಟ ಹೆಚ್ಚಿರೋ ಕಡೆ ಬಣ್ಣವೇ ಹಾಕದೆ ಬೂದು ಬಿಡುತ್ತೇವೆ.

ಬೂದು ಬಹಳ ಇದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಪೂರ್ತಿ ಬೂದು. ಅಲ್ಲಿ ಮಾದರಿ ತೆಗೆದವರೇ ಕಮ್ಮಿ. ಮೊನ್ನೆ ಹೋದಾಗ ಮಾವ ಹೊಸ ನಕ್ಷೆ ನೋಡಿದರು. ಅವರ ಊರಿನ ಸುತ್ತ ಕೆಂಪು ಹೋಗಿ ಬೂದು ಬಂದಿತ್ತು, ಆ ನಾಲ್ಕು ಮಾದರಿ ಇನ್ನೂ ಖಾಲಿಯೇ ಇದ್ದವಲ್ಲ. "ಇದೇನು, ಬಣ್ಣ ಖಾಲಿ ಆಯ್ತಾ?" ಅಂದರು. "ಗೊತ್ತಿಲ್ಲ ಅಂತ ಅರ್ಥ ಮಾವ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿಂದ ಸನಿಕೆ ತಂದರು.

ಆ ಸಂಜೆ ಅವರ ಹೊಲದಲ್ಲೂ ಅಕ್ಕಪಕ್ಕದಲ್ಲೂ ಗುಂಡಿ ತೆಗೆದೆವು. ಗೇಣುದ್ದ ಆಳ, 'ವಿ' ಆಕಾರ, ಒಂದೊಂದು ಹೊಲದಲ್ಲಿ ಹತ್ತು ಕಡೆ. ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು, ಮತ್ತೆ ಬೆರೆಸಿ ಅರ್ಧ ಕೆಜಿ ಉಳಿಯೋವರೆಗೆ. ಒಟ್ಟು ಆರು ಚೀಲ ಆಯ್ತು. ನೆರಳಲ್ಲಿ ಒಣಗಲಿ ಅಂತ ಅತ್ತೆ ಹಳೇ ಬ್ಯಾರನ್ನಿನ ಒಳಗೆ ಹರಡಿದ್ದಾರೆ. ತಮ್ಮ ಸೋಮವಾರ ತೊಗೊಂಡು ಹೋಗಿ ಪರೀಕ್ಷೆಗೆ ಕೊಡ್ತಾನಂತೆ.